ಪದ ಪರಿಚಯ: ಹವಾಮಾನ ತಾಳಿಕೆ

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹಂಗಾಮು ಬಂತೆಂದರೆ ಎರಡು ಪದಗಳಿಗೆ ಪುರುಸೊತ್ತೇ ಇರುವುದಿಲ್ಲ. ಒಂದು ಸುಸ್ಥಿರತೆ, ಇನ್ನೊಂದು ರೆಸಿಲಿಯೆನ್ಸ್, ಅಂದರೆ ಇಲ್ಲಿ ನಾನು ತಾಳಿಕೆ ಎಂದು ಕರೆಯುವುದು. ಕಸದ ಡಬ್ಬಿಗೆ ಸೆನ್ಸರ್ ಕೂಡಿಸಿದವರೂ ವರದಿಯ ಮುಖಪುಟದಲ್ಲಿ ಇವೆರಡನ್ನು ಜೋಡೆತ್ತಿನಂತೆ ಕಟ್ಟಿ ನಿಲ್ಲಿಸುತ್ತಾರೆ. ಮೊದಲನೆಯದರ ಅರ್ಥ ಕೇಳಿದರೆ ಹುಡುಗರು ತಡವರಿಸುವುದಿಲ್ಲ: ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು. ವಿಶ್ವಸಂಸ್ಥೆಯ ಆಯೋಗವೊಂದರ 1987ರ ಬ್ರುಂಟ್‌ಲ್ಯಾಂಡ್ ವರದಿಯಿಂದ ಹಿಡಿದು ಇದೇ ಮಾತು ಪಠ್ಯಪುಸ್ತಕಗಳಲ್ಲಿದೆ. ಎರಡನೆಯದರ ಅರ್ಥ ಕೇಳಿದಾಗ ಬರುವ ಉತ್ತರ, "ಗಟ್ಟಿಮುಟ್ಟಾಗಿರುವುದು, ಸರ್."

ಗೊಂದಲ ಅಲ್ಲಿಯೇ. ಕಲ್ಲು ಗಟ್ಟಿ, ಆದರೆ ಒಡೆದ ಕಲ್ಲು ಮತ್ತೆ ಕೂಡುವುದಿಲ್ಲ. ಗದ್ದೆಯ ಬದುವಿನ ಕರಿಕೆ ಹುಲ್ಲನ್ನು ನೋಡಿ. ಬೇಸಿಗೆಯಲ್ಲಿ ಒಣಗಿ ಸುಟ್ಟಂತಿರುತ್ತದೆ, ದನ ಮೇಯುತ್ತದೆ, ಕಾಲು ತುಳಿಯುತ್ತದೆ. ಮೊದಲ ಮಳೆ ಬಿದ್ದ ವಾರದೊಳಗೆ ಹಸಿರು. (ಅದನ್ನು ಕಿತ್ತು ಕಿತ್ತು ಸೋತ ರೈತನ ಮುಂದೆ ಈ ಹೊಗಳಿಕೆ ಬೇಡ.) ಪೆಟ್ಟು ತಿಂದರೂ ಜೀವ ಹಿಡಿದುಕೊಂಡು, ಮತ್ತೆ ತನ್ನ ಕೆಲಸಕ್ಕೆ ಮರಳುವ ಈ ಗುಣವೇ ಆ ಪದದ ತಿರುಳು. ಪರಿಸರ ವಿಜ್ಞಾನಿ ಸಿ. ಎಸ್. ಹಾಲಿಂಗ್ 1973ರ ಲೇಖನವೊಂದರಲ್ಲಿ ಸ್ಥಿರತೆ ಬೇರೆ, ಈ ಗುಣ ಬೇರೆ ಎಂದು ಬಿಡಿಸಿ ತೋರಿಸಿದರು. ಅಲುಗಾಡದೆ ನಿಂತಂತೆ ಕಾಣುವ ವ್ಯವಸ್ಥೆ ಒಂದು ದೊಡ್ಡ ಪೆಟ್ಟಿಗೇ ಕುಸಿಯಬಹುದು. ಸದಾ ಏರಿಳಿಯುವ ವ್ಯವಸ್ಥೆ ಅದೇ ಪೆಟ್ಟನ್ನು ನುಂಗಿಕೊಂಡು ಉಳಿಯಬಹುದು.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಕೆಲವರು ಸ್ಥಿತಿಸ್ಥಾಪಕತ್ವ ಎಂದು ಬರೆಯುತ್ತಾರೆ. ಅದು ಭೌತಶಾಸ್ತ್ರದಲ್ಲಿ ರಬ್ಬರಿಗೆ ಹೇಳಿದ ಪದ. ಎಳೆದು ಬಿಟ್ಟರೆ ಇದ್ದ ಆಕಾರಕ್ಕೇ ಬರುವುದು. ನಗರ ಹಾಗೆ ಇದ್ದಂತೆಯೇ ಮರಳಿದರೆ ಬರುವ ವರ್ಷ ಅದೇ ಓಣಿಯಲ್ಲಿ ಅದೇ ನೀರು. ಚೇತರಿಕೆ ಒಳ್ಳೆಯ ಪದ, ಆದರೆ ಅದು ಜ್ವರ ಬಿಟ್ಟ ಮೇಲಿನ ಕಥೆಯನ್ನಷ್ಟೇ ಹೇಳುತ್ತದೆ. ನನ್ನ ಆಯ್ಕೆ ತಾಳಿಕೆ; ಪೆಟ್ಟು ಬರ, ನೆರೆಯಂಥದ್ದಾದರೆ ಹವಾಮಾನ ತಾಳಿಕೆ. ತಾಳಿಕೆಯಲ್ಲಿ ಸಹಿಸುವುದೂ ಇದೆ, ಬಹುಕಾಲ ಬರುವುದೂ ಇದೆ. ತಾಳಿಕೆ ಬರುವ ಸೀರೆ ಎಂದು ಅಂಗಡಿಯಲ್ಲಿ ಕೇಳುವವರಿಗೆ ಅದನ್ನು ವಿವರಿಸಬೇಕಿಲ್ಲ. ಪಾಠ ಕಲಿತು ಬದಲಾಗುವ ಅರ್ಥ ಅದರಲ್ಲಿ ಇಲ್ಲ, ನಿಜ. ಬಳಸುತ್ತ ಹೋದರೆ ಬಂದೀತು.

ಸುಸ್ಥಿರತೆ ಮತ್ತು ತಾಳಿಕೆ ಅಕ್ಕತಂಗಿಯರಿದ್ದಂತೆ ಕಂಡರೂ ಒಮ್ಮೊಮ್ಮೆ ಜಗಳವಾಡುತ್ತವೆ. ವಿದ್ಯಾರ್ಥಿಗಳ ವರದಿಗಳಲ್ಲಿ ನನಗೆ ಸಿಗದೇ ಹೋಗುವುದು ಈ ಜಗಳವೇ. ಸುಸ್ಥಿರತೆ ಮಿತವ್ಯಯಿ. ಒಂದು ಪಂಪು ಸಾಕಾದರೆ ಎರಡು ಏಕೆ ಎನ್ನುತ್ತದೆ. ತಾಳಿಕೆ ಎರಡನೆಯ ಪಂಪನ್ನು ಕೆಲಸವಿಲ್ಲದೆ ಕೂಡಿಸಿ ಎಣ್ಣೆ ಹಾಕುತ್ತಿರುತ್ತದೆ. ಇದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿ ಇದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಬೇಕೆಂದು ಟಿಳಕವಾಡಿಯಲ್ಲಿ ಬಾವಿ ತೋಡಿದರು. ಅಧಿವೇಶನ ಮುಗಿಯಿತು, ಮುಂದೆ ರಕ್ಕಸಕೊಪ್ಪ ಜಲಾಶಯದ ನೀರು ನಲ್ಲಿಗೆ ಬಂತು, ಬಾವಿಗಳನ್ನು ಊರು ಮರೆಯಿತು. 1990ರ ದಶಕದಲ್ಲಿ ಮಳೆ ಕೈಕೊಟ್ಟು ಜಲಾಶಯ ಬತ್ತಿದಾಗ ಈ ಕಾಂಗ್ರೆಸ್ ಬಾವಿಯೂ ಸೇರಿದಂತೆ ಹಳೆಯ ಬಾವಿಗಳ ಹೂಳೆತ್ತಿ ನೀರು ಪಡೆಯಬೇಕಾಯಿತು. ಮಿತವ್ಯಯದ ಲೆಕ್ಕ ಹಿಡಿದು ಅವನ್ನು ಮೊದಲೇ ಮುಚ್ಚಿ ನಿವೇಶನ ಮಾಡಿದ್ದರೆ ಹೂಳೆತ್ತಲು ಏನೂ ಉಳಿಯುತ್ತಿರಲಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021ರ ಪಠ್ಯಕ್ರಮದ ಸಾಮಾಜಿಕ ಹೊಣೆಗಾರಿಕೆಯ ವಿಷಯದಲ್ಲಿ ಗಿಡ ನೆಡುವುದು, ನೀರಿನ ಸಂರಕ್ಷಣೆ, ಕಸ ನಿರ್ವಹಣೆ ಎಲ್ಲವೂ ಇವೆ. ಹೀಗಾಗಿ ಮಳೆನೀರು ಕೊಯ್ಲಿನ ವರದಿಗಳಿಗೆ ಬರವಿಲ್ಲ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ಎಂಬ ಲೆಕ್ಕವನ್ನು ಎಲ್ಲರೂ ತಪ್ಪಿಲ್ಲದೆ ಮಾಡುತ್ತಾರೆ. ಒಂದೇ ರಾತ್ರಿ 150 ಮಿ.ಮೀ. ಸುರಿದು ತೊಟ್ಟಿ ತುಂಬಿದ ಮೇಲೆ ಉಳಿದ ನೀರು ಯಾರ ಅಂಗಳಕ್ಕೆ ಹೋಗುತ್ತದೆ ಎಂಬ ಲೆಕ್ಕ ಮಾತ್ರ ಅಪರೂಪ. ತಾಳಿಕೆ ಶುರುವಾಗುವುದೇ ಆ ರಾತ್ರಿ.

ಕಳೆದ ಸಲ ನಾಲ್ವರ ತಂಡವೊಂದು ಬಳ್ಳಾರಿ ನಾಲೆಯನ್ನು ಆರಿಸಿಕೊಂಡಿತ್ತು. ಈ ನಾಲೆ ಜೋರು ಮಳೆಗಾಲದಲ್ಲಿ ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳಿಗೆ ನುಗ್ಗುವುದು ಬೆಳಗಾವಿಯವರಿಗೆ ಹೊಸ ಸುದ್ದಿಯಲ್ಲ. ಸೇತುವೆಗೆ ಸೆನ್ಸರ್ ಕಟ್ಟಿ, ನೀರು ಏರಿದಂತೆ ರೈತರ ಮೊಬೈಲ್‌ಗೆ ಸಂದೇಶ ಹೋಗುವಂತೆ ಮಾಡಿದ್ದರು. ಅಚ್ಚುಕಟ್ಟಾದ ಕೆಲಸ.

"ಅಂಥ ಮಳೆಯಲ್ಲಿ ಕರೆಂಟ್ ಇರುತ್ತದೆಯೇ?" ಎಂದೆ.

"ಇರುವುದಿಲ್ಲ, ಸರ್."

"ಟವರ್?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ವಾರದ ನಂತರ ತಂದ ಮಾದರಿಯಲ್ಲಿ ಸೆನ್ಸರ್ ಹಾಗೆಯೇ ಇತ್ತು, ಜೊತೆಗೆ ಬ್ಯಾಟರಿಯ ಸೈರನ್. ಸೇತುವೆಯ ಕಂಬಕ್ಕೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿದಿದ್ದರು. ಸೆನ್ಸರ್, ಸೈರನ್, ಬಣ್ಣ ಮೂರರಲ್ಲಿ ಅಗ್ಗದ್ದು ಆ ಬಣ್ಣ. ಕನ್ನಡ ಸಾರಾಂಶದಲ್ಲಿ ಸ್ಥಿತಿಸ್ಥಾಪಕತ್ವ ಎಂದಿದ್ದುದನ್ನು ಹೊಡೆದು ತಾಳಿಕೆ ಎಂದು ಪೆನ್ನಿನಲ್ಲಿ ತಿದ್ದಿದ್ದರು; ವರದಿ ಆಗಲೇ ಅಚ್ಚಾಗಿತ್ತಂತೆ.