ಸಫಾಯಿ ಕರ್ಮಚಾರಿ ಆಂದೋಲನ ಎಂದರೇನು?

ಮನುಷ್ಯರ ಮಲವನ್ನು ಮನುಷ್ಯರ ಕೈಯಲ್ಲೇ ಬಳಿಸುವ, ಹೊರಿಸುವ ಪದ್ಧತಿ ಸಂಪೂರ್ಣವಾಗಿ ಕೊನೆಯಾಗಬೇಕು ಎಂದು ದೇಶದ ಉದ್ದಗಲಕ್ಕೂ ಹೋರಾಡುತ್ತಿರುವ ಸಂಘಟನೆ ಇದು. 1990ರ ದಶಕದಲ್ಲಿ ಇದನ್ನು ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು. ಅವರ ಮನೆಯವರು ಮಾಡುತ್ತಿದ್ದುದೂ ಇದೇ ಕೆಲಸ. ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರೂ ಸಂಘಟನೆಯ ಬೆನ್ನಿಗಿದ್ದರು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಕೆಲಸ ಮಾಡಿಸುವುದು ಒಣ ಶೌಚಾಲಯಗಳಲ್ಲಿ. ಒಣ ಶೌಚಾಲಯವೆಂದರೆ ನೀರು ಸುರಿದರೆ ಮಲ ಹರಿದುಹೋಗುವ ವ್ಯವಸ್ಥೆಯೇ ಇಲ್ಲದ ಕಕ್ಕಸು. ಅಲ್ಲಿ ಬಿದ್ದದ್ದನ್ನು ಪೊರಕೆಯಿಂದ ತಗಡಿನ ಚೂರಿನ ಮೇಲೆ ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಊರಾಚೆ ಸುರಿದು ಬರಬೇಕು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಮುಖದ ಮೇಲೆಯೇ ಇಳಿಯುತ್ತದೆ. ಹೊತ್ತವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಇದು ಯಾರೂ ಆರಿಸಿಕೊಂಡ ಉದ್ಯೋಗವಲ್ಲ, ಜಾತಿ ಹೊರಿಸಿದ ಹೊರೆ.

ಕರ್ನಾಟಕದಲ್ಲಿ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ಮಲ ಹೊರುವ ಪದ್ಧತಿಗೆ ನಿಷೇಧ ಬಿದ್ದಿತ್ತು. ಆದರೂ 2010ರಲ್ಲಿ ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಕೇಂದ್ರದ ನಿಷೇಧ ಕಾಯ್ದೆ ಬಂದದ್ದು 1993ರಲ್ಲಿ. ಆಮೇಲೆ ರಾಜ್ಯ ಸರ್ಕಾರಗಳು ಹಿಡಿದ ದಾರಿ ಸುಲಭದ್ದು: ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲ ಎಂದುಬಿಡುವುದು. ಆಂದೋಲನದ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿ. 2003ರಲ್ಲಿ ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸರ್ಕಾರಗಳು ಇಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದಾಗ, ಕಾರ್ಯಕರ್ತರು ಊರೂರು ಸುತ್ತಿ ಶೌಚಾಲಯಗಳ ಫೋಟೊ ಮತ್ತು ಕೆಲಸಗಾರರ ವಿವರಗಳನ್ನು ಪುರಾವೆಯಾಗಿ ಮುಂದಿಟ್ಟರು. ಮೊಕದ್ದಮೆ ನಡೆಯುತ್ತಿರುವಾಗಲೇ, 2013ರಲ್ಲಿ, ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರ ತೀರ್ಪು, 1993ರಿಂದೀಚೆಗೆ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗಳನ್ನು ಶುಚಿ ಮಾಡಲು ಇಳಿದು ಸತ್ತವರನ್ನು ಗುರುತಿಸಿ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ನಿರಾಕರಣೆ ಮಾತ್ರ ನಿಂತಿಲ್ಲ. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ ಎಂದು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ಹೇಳಿತು. ಮ್ಯಾನ್‌ಹೋಲ್ ಸಾವುಗಳನ್ನು ಅದು 'ಅಪಾಯಕಾರಿ ಸ್ವಚ್ಛತಾ ಕೆಲಸ' ಎಂಬ ಬೇರೆ ಪಟ್ಟಿಗೆ ಸೇರಿಸುತ್ತದೆ. ಗುಂಡಿಯೊಳಗಿನ ವಿಷಾನಿಲಕ್ಕೆ ಉಸಿರುಗಟ್ಟಿ ಸತ್ತವನ ಹೆಂಡತಿಗೆ ಈ ವಿಂಗಡಣೆಯಿಂದ ಏನಾಗಬೇಕಿದೆ? ಸುರಕ್ಷಾ ಸಾಧನ ಕೊಟ್ಟರೆ ಗುಂಡಿಗಿಳಿಸಬಹುದು ಎಂಬ ಸಂದು 2013ರ ಕಾಯ್ದೆಯಲ್ಲೂ ಉಳಿದಿದೆ. ಒಳಗಿಳಿಯಬೇಕಾದದ್ದು ಯಂತ್ರವೇ ಹೊರತು ಮನುಷ್ಯನಲ್ಲ ಎಂಬುದು ಆಂದೋಲನದ ಪಟ್ಟು.