ಚಿಕ್ಕ ಕ್ಯಾಬಿನೆಟ್ಟಿನ ಗರಿಷ್ಠ ಅಳತೆಗಳೆಲ್ಲ ಒಟ್ಟಿಗೆ ಸಿಗುವುದಿಲ್ಲ

ಮೊದಲ ಬಾರಿಗೆ ಚಿಕ್ಕ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರು ಬಹುಪಾಲು ಒಂದೇ ಕ್ರಮದಲ್ಲಿ ಬಿಡಿಭಾಗಗಳನ್ನು ಕೊಂಡಿರುತ್ತಾರೆ. ಮೊದಲು ಗ್ರಾಫಿಕ್ಸ್ ಕಾರ್ಡ್, ಏಕೆಂದರೆ ಆಸೆಯೆಲ್ಲ ಅದರ ಮೇಲೆಯೇ, ಆಮೇಲೆ ಪ್ರೊಸೆಸರ್, ಅದರ ಹಿಂದೆಯೇ ಅದನ್ನು ತಣ್ಣಗಿಡಲು ರಿಯಾಯಿತಿಯಲ್ಲಿ ಸಿಕ್ಕ ಕೂಲರ್, ಕಟ್ಟಕಡೆಗೆ, ಚಿತ್ರ ನೋಡಿ ಮನಸೋತ ಒಂದು ಪುಟ್ಟ ಕ್ಯಾಬಿನೆಟ್. ದೊಡ್ಡ ಟವರ್ ಕ್ಯಾಬಿನೆಟ್ಟಿನ ಮಟ್ಟಿಗೆ ಈ ಕ್ರಮದಿಂದ ಅಂಥ ತೊಂದರೆಯೇನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲದರ ಸುತ್ತಲೂ ಖಾಲಿ ಜಾಗವಿರುತ್ತದೆ. ಒಟ್ಟು ಗಾತ್ರ ಹತ್ತು ಲೀಟರ್ ಇರುವ ಕ್ಯಾಬಿನೆಟ್ಟಿನಲ್ಲಿ ಅಂಥ ಉದಾರತೆ ಇರುವುದಿಲ್ಲ. ಜೋಡಿಸಿಕೊಡಿ ಎಂದು ನನ್ನ ಮೇಜಿನ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ ಇಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಇವುಗಳಲ್ಲಿ ಯಾವುದರ ಸೀಲನ್ನು ಇನ್ನೂ ಒಡೆದಿಲ್ಲ ಎಂಬುದು.

ಯಾವ ಪ್ರೊಸೆಸರಿಗೆ ಯಾವ ಸಾಕೆಟ್, ಆಟಗಳಿಗೆ ಎಷ್ಟು ರ್‍ಯಾಮ್ ಸಾಕು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಈ ಅಂಕಣ ಓದುವವರು ಅಷ್ಟನ್ನು ಆಗಲೇ ತಿಳಿದಿರುತ್ತಾರೆ. ಇಂಥ ಪುಟ್ಟ ಕ್ಯಾಬಿನೆಟ್ಟುಗಳಿಗೆ ಬಳಸುವ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ ಬಗ್ಗೆಯೂ ಹೆಚ್ಚು ಹೇಳಬೇಕಾಗಿಲ್ಲ. 2001ರಲ್ಲಿ ವಿಯಾ ಕಂಪನಿ ಅದನ್ನು ರೂಪಿಸಿದಾಗ ಅದು 170 ಮಿಲಿಮೀಟರ್ ಚೌಕವಾಗಿತ್ತು, ಇಂದಿಗೂ ಅಷ್ಟೇ ಇದೆ. ಬೆಳೆದಿರುವುದು ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಾರ್ಡು ಕೂರುವ ಒಂದು ಸ್ಲಾಟಿನಿಂದ ಮುಂದಿನ ಸ್ಲಾಟಿಗೆ ಇರುವ ಅಂತರ 20.32 ಮಿಲಿಮೀಟರ್. ಎರಡು ಸ್ಲಾಟ್ ತುಂಬುವ ಕಾರ್ಡನ್ನು ದಪ್ಪ ಎನ್ನುತ್ತಿದ್ದ ಕಾಲವೊಂದಿತ್ತು. ಈಗ ಮೂರು ಸ್ಲಾಟ್, ಅಂದರೆ 60 ಮಿಲಿಮೀಟರಿಗೂ ಮೀರಿದ ಕಾರ್ಡುಗಳು ಸಾಮಾನ್ಯವಾಗಿವೆ.

ಇನ್ನು ನಾನು ಮತ್ತೆ ಮತ್ತೆ ಹೇಳಿ ದಣಿದಿರುವ ಮಾತಿಗೆ ಬರುತ್ತೇನೆ. ಕ್ಯಾಬಿನೆಟ್ಟಿನ ವಿವರ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ದಪ್ಪ, ಕೂಲರಿನ ಗರಿಷ್ಠ ಎತ್ತರ, ಕಾರ್ಡಿನ ಗರಿಷ್ಠ ಉದ್ದ, ನೀರಿನಿಂದ ತಣಿಸುವ ಕೂಲರಿನ ರೇಡಿಯೇಟರಿನ ಗರಿಷ್ಠ ಅಳತೆ ಎಂದು ಒಂದರ ಕೆಳಗೊಂದು ಸಾಲುಗಳಿರುತ್ತವೆ. ಪ್ರತಿಯೊಂದು ಸಾಲೂ ನಿಜ. ಆದರೆ ಪ್ರತಿಯೊಂದೂ ಉಳಿದ ಸಾಲುಗಳು ಬಿಟ್ಟುಕೊಟ್ಟಾಗ ಮಾತ್ರ ನಿಜ. ಎಲ್ಲ ಗರಿಷ್ಠಗಳೂ ಒಂದೇ ಜೋಡಣೆಯಲ್ಲಿ ಒಟ್ಟಿಗೆ ಸಿಗುತ್ತವೆ ಎಂದು ಆ ಪಟ್ಟಿ ಎಲ್ಲಿಯೂ ಹೇಳುವುದಿಲ್ಲ. ಹಾಗೆ ಓದಿಕೊಳ್ಳುವವರು ನಾವು. ಇಬ್ಬರು ಒಂದೇ ಕಂಬಳಿ ಹೊದ್ದು ಮಲಗಿದಂತೆ, ಒಬ್ಬರು ಎಳೆದುಕೊಂಡಷ್ಟು ಇನ್ನೊಬ್ಬರ ಕಾಲು ಹೊರಗೆ.

ಇದು ಅತಿ ಸ್ಪಷ್ಟವಾಗಿ ಕಾಣುವುದು ನಡುವೆ ಒಂದು ಗೋಡೆಯಿದ್ದು, ಅದರ ಒಂದು ಬದಿಗೆ ಮದರ್‌ಬೋರ್ಡ್, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡ್ ಕೂರುವ ವಿನ್ಯಾಸದಲ್ಲಿ. ಫ್ರ್ಯಾಕ್ಟಲ್ ಟೆರಾ, ಫಾರ್ಮ್‌ಡಿ ಟಿ1 ಮುಂತಾದ ಕ್ಯಾಬಿನೆಟ್ಟುಗಳಲ್ಲಿ ಆ ಗೋಡೆಯನ್ನು ಅತ್ತಿತ್ತ ಸರಿಸಲೂ ಬರುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಕಲ್ಪಿತ ಕ್ಯಾಬಿನೆಟ್ಟೊಂದನ್ನು ತೆಗೆದುಕೊಳ್ಳೋಣ: ಕೂಲರ್ ಮತ್ತು ಕಾರ್ಡು ಹಂಚಿಕೊಳ್ಳಬೇಕಾದ ಒಟ್ಟು ಜಾಗ 120 ಮಿಲಿಮೀಟರ್. ಗೋಡೆಯನ್ನು ಒಂದು ತುದಿಗೆ ಸರಿಸಿದರೆ ಕೂಲರಿಗೆ 75, ಕಾರ್ಡಿಗೆ 45. ಇನ್ನೊಂದು ತುದಿಗೆ ಸರಿಸಿದರೆ ಕೂಲರಿಗೆ 50, ಕಾರ್ಡಿಗೆ 70. ವಿವರ ಪಟ್ಟಿಯಲ್ಲಿ ಅಚ್ಚಾಗುವುದು ಕೂಲರ್ 75ರವರೆಗೆ, ಕಾರ್ಡ್ 70ರವರೆಗೆ ಎಂದು. ಇವೆರಡನ್ನು ಕೂಡಿದರೆ 145. ಇರುವುದು 120. ಆ 25 ಮಿಲಿಮೀಟರ್ ಎಲ್ಲಿಂದಲೂ ಬರುವುದಿಲ್ಲ.

ಒಬ್ಬ ಹುಡುಗ ಇಂಥದೇ ಕ್ಯಾಬಿನೆಟ್ಟಿಗೆ 61 ಮಿಲಿಮೀಟರ್ ದಪ್ಪದ ಕಾರ್ಡನ್ನೂ 70 ಮಿಲಿಮೀಟರ್ ಎತ್ತರದ ಕೂಲರನ್ನೂ ತಂದಿದ್ದ. ಎರಡೂ ಮಿತಿಯೊಳಗೇ ಇವೆಯಲ್ಲ ಸಾರ್, ಬೇಕಾದರೆ ನೋಡಿ ಎಂದು ಮೊಬೈಲಿನಲ್ಲಿ ಪಟ್ಟಿ ತೋರಿಸಿದ. ನಾನು ಮಾತನಾಡದೆ ಗೋಡೆಯನ್ನು ಕಾರ್ಡಿಗೆ ಬೇಕಾದಷ್ಟು ಸರಿಸಿ ಕೂರಿಸಿದೆ; ಕೂಲರಿನ ಫ್ಯಾನು ಕ್ಯಾಬಿನೆಟ್ಟಿನ ಅಂಚಿನಿಂದ ಹೊರಕ್ಕೆ, ಹೆಬ್ಬೆರಳಿನ ಅರ್ಧ ಅಗಲದಷ್ಟು, ಎದ್ದು ನಿಂತಿತು. ಆತ ಪಕ್ಕದ ಫಲಕವನ್ನು ಅದರ ಮೇಲಿಟ್ಟು, ಒತ್ತಿ ನೋಡಿ, ಪಟ್ಟಿಯನ್ನು ಇನ್ನೊಮ್ಮೆ ಓದಿದ. ಬುದ್ಧಿವಂತ ಹುಡುಗ, ಪ್ರತಿಯೊಂದು ಭಾಗದ ಅಳತೆಯೂ ಅವನಿಗೆ ಬಾಯಿಪಾಠ. ಕೂಡಿ ನೋಡಿರಲಿಲ್ಲ, ಅಷ್ಟೆ. ಕಡೆಗೆ 47 ಮಿಲಿಮೀಟರಿನ ಕೂಲರ್ ಹಾಕಿದೆವು. 70ರ ಕೂಲರ್ ಅವನ ತಮ್ಮನ ಕಂಪ್ಯೂಟರಿಗೆ ಹೋಯಿತಂತೆ.

ಉದ್ದದ ದಿಕ್ಕಿನಲ್ಲೂ ಇದೇ ಕಥೆ. ಕಾರ್ಡಿಗೆ 330 ಮಿಲಿಮೀಟರ್ ಜಾಗ ಎಂದು ಬರೆದಿದ್ದರೆ, ಅದು ಮುಂದುಗಡೆ ಫ್ಯಾನು ಇಲ್ಲದಾಗಿನ ಮಾತು ಆಗಿರಬಹುದು. 25 ಮಿಲಿಮೀಟರಿನ ಸಾಧಾರಣ ಫ್ಯಾನು ಹಾಕಿದರೆ 305 ಉಳಿಯುತ್ತದೆ. ಅದರ ಹಿಂದೆ 27 ಮಿಲಿಮೀಟರ್ ದಪ್ಪದ ರೇಡಿಯೇಟರನ್ನೂ ಇಟ್ಟರೆ ಉಳಿಯುವುದು 278 ಮಾತ್ರ, ಅಷ್ಟಕ್ಕೆ ಇಳಿದಾಗ ಪೇಟೆಯಲ್ಲಿರುವ ದೊಡ್ಡ ಕಾರ್ಡುಗಳಲ್ಲಿ ಬಹಳಷ್ಟು ಪಟ್ಟಿಯಿಂದ ಬಿದ್ದುಹೋಗುತ್ತವೆ. ರೇಡಿಯೇಟರಿನ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: 240ರ ರೇಡಿಯೇಟರ್ ಎಂದರೆ ಎರಡು 120ರ ಫ್ಯಾನು ಹಿಡಿಸುವ ರೇಡಿಯೇಟರ್ ಎಂದಷ್ಟೇ, ಎರಡೂ ತುದಿಯ ನೀರಿನ ತೊಟ್ಟಿಗಳು ಸೇರಿ ಅದರ ನಿಜವಾದ ಉದ್ದ ಸುಮಾರು 275 ಮಿಲಿಮೀಟರ್ ಆಗುತ್ತದೆ, ಪೈಪು ಬಾಗುವ ಜಾಗ ಬೇರೆ. ಟೇಪು ಹಿಡಿದು 245 ಮಿಲಿಮೀಟರ್ ಅಳೆದು ಸಂತೋಷಪಟ್ಟು ಬಂದವರಿಗೆ ಇದನ್ನು ಹೇಳುವುದು ನನಗೂ ಖುಷಿಯ ಕೆಲಸವಲ್ಲ.

ಮೂರನೆಯ ದಿಕ್ಕು ಕಾರ್ಡಿನ ಎತ್ತರ, ಅಂದರೆ ಅದನ್ನು ಸಿಕ್ಕಿಸುವ ಮದರ್‌ಬೋರ್ಡಿನ ಸ್ಲಾಟಿನಿಂದ ಮೇಲಂಚಿನವರೆಗಿನ ಅಳತೆ. ಜನ ಪೂರ್ತಿ ಮರೆಯುವುದು ಇದನ್ನೇ. ಇಲ್ಲಿ ಕಾರ್ಡಷ್ಟೇ ಅಲ್ಲ, ಅದರ ವಿದ್ಯುತ್ ಕೇಬಲ್ಲೂ ಜಾಗ ಕೇಳುತ್ತದೆ. ಈಗಿನ ಬಲಶಾಲಿ ಕಾರ್ಡುಗಳಿಗಿರುವ 16 ಪಿನ್ನಿನ ಕನೆಕ್ಟರ್ 600 ವ್ಯಾಟ್‌ವರೆಗೆ ಹೊರುವಂಥದ್ದು. ಅದರ ಬುಡದಿಂದ ಸುಮಾರು 35 ಮಿಲಿಮೀಟರ್‌ವರೆಗೆ ಕೇಬಲ್ಲನ್ನು ಬಾಗಿಸಬಾರದು ಎಂಬ ಎಚ್ಚರಿಕೆಯನ್ನು ಹಲವು ತಯಾರಕರು ಕೊಟ್ಟಿದ್ದಾರೆ. ಕ್ಯಾಬಿನೆಟ್ 150 ಮಿಲಿಮೀಟರ್ ಎತ್ತರದ ಕಾರ್ಡಿಗೆ ಜಾಗ ಕೊಡುತ್ತದೆ, ನಿಮ್ಮ ಕಾರ್ಡು 140 ಎಂದಾದರೆ ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಕೇಬಲ್ಲಿಗೆ ಉಳಿದದ್ದು 10 ಮಿಲಿಮೀಟರ್. ಗಾಜಿನ ಫಲಕವನ್ನು ಅಂಗೈಯಿಂದ ಒತ್ತಿ ಹಿಡಿದು ಸ್ಕ್ರೂ ಬಿಗಿದು ತಂದವರನ್ನು ಕಂಡಿದ್ದೇನೆ. ಫಲಕ ತೆಗೆದೊಡನೆ ಕೇಬಲ್ಲಿನ ಕಟ್ಟು ಸ್ಪ್ರಿಂಗಿನ ಹಾಗೆ ಮೇಲೆದ್ದಿತು, ಪ್ಲಗ್ಗಿನ ಒಂದು ಬದಿ ಅದಾಗಲೇ ಕೂದಲೆಳೆಯಷ್ಟು ಸಡಿಲವಾಗಿತ್ತು. ಈ ಕನೆಕ್ಟರ್ ಪೂರ್ತಿ ಕೂರದಿದ್ದರೆ ಬಿಸಿಯಾಗಿ ಕರಗುವುದುಂಟು. ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಗ್ರಾಹಕರ ಒತ್ತಾಯಕ್ಕೆ ಬಗ್ಗುವುದಿಲ್ಲ.

ಈ ಗೊಂದಲ ಕಂಪನಿಗಳಿಗೂ ಗೊತ್ತಿದೆ. 2024ರಲ್ಲಿ ಎನ್‌ವಿಡಿಯಾ ಚಿಕ್ಕ ಕಂಪ್ಯೂಟರುಗಳಿಗೆಂದು ಒಂದು ಅಳತೆಯ ಮಾರ್ಗಸೂಚಿ ಪ್ರಕಟಿಸಿತು: ಕಾರ್ಡಿನ ಉದ್ದ 304, ದಪ್ಪ 50 ಮತ್ತು ಕೇಬಲ್ ಬಾಗುವ ಜಾಗವೂ ಸೇರಿ ಎತ್ತರ 151 ಮಿಲಿಮೀಟರ್ ಮೀರಬಾರದು. ಕೇಬಲ್ಲನ್ನೂ ಲೆಕ್ಕಕ್ಕೆ ಸೇರಿಸಿದ್ದು ನನಗೆ ಬಹಳ ಹಿಡಿಸಿತು. ಮೊದಲ ಜೋಡಣೆಗೆ ಈ ಮಾರ್ಗಸೂಚಿಗೆ ಒಪ್ಪುತ್ತದೆ ಎಂಬ ಗುರುತಿರುವ ಕಾರ್ಡು ಮತ್ತು ಕ್ಯಾಬಿನೆಟ್ ಆರಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಆದರೂ ಕೂಲರ್ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗಳ ಲೆಕ್ಕ ನಿಮ್ಮದೇ ಎಂಬುದನ್ನು ಮರೆಯಬಾರದು.

ನನ್ನಲ್ಲಿಗೆ ಬಂದವರಲ್ಲಿ ಈ ವಿಷಯವನ್ನು ಯಾರೂ ಹೇಳಿಕೊಡದೆಯೇ ಅರಿತಿದ್ದವರು ಒಬ್ಬ ಶಾಲಾ ಶಿಕ್ಷಕಿ. ಮಗನಿಗೆಂದು ಕಂಪ್ಯೂಟರ್ ಮಾಡಿಸುತ್ತಿದ್ದ ಅವರು ಖಾಲಿ ಕ್ಯಾಬಿನೆಟ್ಟನ್ನು ಮಾತ್ರ ಕೊಂಡು, ತಾವು ಆರಿಸಿದ್ದ ಕಾರ್ಡಿನ ಮೂರೂ ಅಳತೆಗೆ ರಟ್ಟು ಕತ್ತರಿಸಿ ಒಂದು ಪೆಟ್ಟಿಗೆ ಮಾಡಿ, ಕೇಬಲ್ ಬರುವ ಜಾಗದಲ್ಲಿ ಇನ್ನೊಂದು ಚಿಕ್ಕ ರಟ್ಟಿನ ತುಂಡು ಅಂಟಿಸಿ ತಂದಿದ್ದರು. ರಟ್ಟಿನ ಕೂಲರ್ ಕೂಡ ಇತ್ತು, ಪೆನ್ಸಿಲಿನಲ್ಲಿ ಅಳತೆ ಬರೆದಿದ್ದರು. ಅವೆರಡನ್ನೂ ಕ್ಯಾಬಿನೆಟ್ಟಿನೊಳಗಿಟ್ಟು ಫಲಕ ಮುಚ್ಚಿ, ಇದು ಹಿಡಿಸುತ್ತದೆ, ಆದರೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ವರ್ಷಗಟ್ಟಲೆ ಈ ಕಸುಬಿನಲ್ಲಿರುವವರೂ ಅಷ್ಟು ನೇರವಾಗಿ ಕೇಳುವುದಿಲ್ಲ. ಅಂದಿನಿಂದ ಎಲ್ಲರಿಗೂ ನಾನು ರಟ್ಟು ಕತ್ತರಿಸಲು ಹೇಳುತ್ತೇನೆ. ನಕ್ಕು ಸುಮ್ಮನಾಗುವವರೇ ಹೆಚ್ಚು.

ಎಸ್‌ಎಂಪಿಎಸ್ ಆರಿಸುವಾಗಲೂ ಜನ ವ್ಯಾಟನ್ನು ನೋಡುತ್ತಾರೆಯೇ ಹೊರತು ಉದ್ದವನ್ನು ನೋಡುವುದಿಲ್ಲ. ಚಿಕ್ಕ ಎಸ್‌ಎಂಪಿಎಸ್‌ಗಳ ಅಳತೆಗಳಲ್ಲಿ ಎಸ್‌ಎಫ್‌ಎಕ್ಸ್ ಎಂದರೆ 100 ಮಿಲಿಮೀಟರ್ ಉದ್ದ, ಎಸ್‌ಎಫ್‌ಎಕ್ಸ್-ಎಲ್ ಎಂದರೆ 130. ಕ್ಯಾಬಿನೆಟ್ ಎರಡಕ್ಕೂ ಆಗುತ್ತದೆ ಎಂದು ಬರೆದಿದ್ದರೂ ಆ 30 ಮಿಲಿಮೀಟರ್ ಹೆಚ್ಚಿಗೆ ಹೋಗುವುದು ಕೇಬಲ್ಲುಗಳು ತಿರುಗಬೇಕಾದ ಜಾಗದಿಂದಲೇ. ಕೇಬಲ್ಲಿಗೂ ಗಾತ್ರವಿದೆ ಎಂಬುದು ಮೊದಲ ಬಾರಿ ಜೋಡಿಸುವವರ ಲೆಕ್ಕದಲ್ಲಿ ಇರುವುದೇ ಇಲ್ಲ. 24 ಪಿನ್ನಿನ ಗಟ್ಟಿ ಕೇಬಲ್ಲೊಂದನ್ನು ಮಡಿಸಿ ಒಂದು ಮೂಲೆಗೆ ತುರುಕಿ ನೋಡಿದರೆ ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಬೇಕಾದಷ್ಟು ವ್ಯಾಟ್ ಇರುವ, ಎಲ್ಲ ಕೇಬಲ್ಲುಗಳೂ ಬಿಚ್ಚಲು ಬರುವ ಎಸ್‌ಎಫ್‌ಎಕ್ಸ್ ಘಟಕವೇ ಒಳ್ಳೆಯದು. ಅದೇ ರೀತಿ, ದೀಪ ಬೆಳಗುವ ಎತ್ತರದ ರ್‍ಯಾಮ್ ಕಡ್ಡಿಗಳು ಸುಮಾರು 44 ಮಿಲಿಮೀಟರ್‌ವರೆಗೆ ಹೋಗುತ್ತವೆ, ಅಲಂಕಾರವಿಲ್ಲದವು 31ರಿಂದ 34ರೊಳಗೆ ನಿಲ್ಲುತ್ತವೆ. ಕೆಳಮುಖವಾಗಿ ಗಾಳಿ ಊದುವ ಕೂಲರ್ ರ್‍ಯಾಮಿನ ಮೇಲೆ ಚಾಚಿಕೊಂಡಿದ್ದರೆ ಆ ಹತ್ತು ಮಿಲಿಮೀಟರೇ ಕೂಲರನ್ನು ಕೂರಲು ಬಿಡುವುದಿಲ್ಲ.

ನಡುಗೋಡೆಯ ಕ್ಯಾಬಿನೆಟ್ಟುಗಳಲ್ಲಿ ಕಾರ್ಡು ಮದರ್‌ಬೋರ್ಡಿಗೆ ಸೇರುವುದು ರೈಸರ್ ಕೇಬಲ್ ಮೂಲಕ. ಪಿಸಿಐಇ 3.0, ಅಂದರೆ ಕಾರ್ಡು ಮತ್ತು ಬೋರ್ಡಿನ ಸಂಪರ್ಕದ ಹಳೆಯ ಪೀಳಿಗೆಯ ರೈಸರಿಗೆ ಹೊಸ ಕಾರ್ಡು ಜೋಡಿಸಿದಾಗ ಪರದೆ ಕಪ್ಪಾಗಿಯೇ ಉಳಿಯಬಹುದು, ಅಥವಾ ಆಟದ ನಡುವೆ ಯಂತ್ರ ತಾನಾಗಿ ಮರುಪ್ರಾರಂಭವಾಗಬಹುದು. ಇದನ್ನು ಕಾರ್ಡಿನ ದೋಷವೆಂದು ತಿಳಿದು ಹಿಂದಿರುಗಿಸುವ ಮೊದಲು, ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ, ಸ್ಲಾಟಿನ ವೇಗವನ್ನು ರೈಸರ್ ತಾಳುವ ಪೀಳಿಗೆಗೆ ಕೈಯಾರೆ ಇಳಿಸಿ ನೋಡಬೇಕು. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ, ಯಾವಾಗಲೂ ಸರಿಹೋಗುತ್ತದೆ ಎಂದು ಮಾತ್ರ ನಾನು ಭರವಸೆ ಕೊಡಲಾರೆ.

ಶಿಕ್ಷಕಿ ಕೇಳಿದ ಗಾಳಿಯ ಪ್ರಶ್ನೆಗೆ ಉತ್ತರ ಇರುವುದು ವ್ಯಾಟಿನಲ್ಲಿ. ಆರ್‌ಟಿಎಕ್ಸ್ 4060 ಸುಮಾರು 115 ವ್ಯಾಟ್ ಬಳಸುವ ಕಾರ್ಡು, ಆರ್‌ಟಿಎಕ್ಸ್ 5090 ಬಳಸುವುದು 575. ಎನ್‌ವಿಡಿಯಾ ತಾನೇ ಮಾಡಿದ 5090 ಎರಡೇ ಸ್ಲಾಟ್ ದಪ್ಪವಿರುವುದರಿಂದ ಅನೇಕ ಚಿಕ್ಕ ಕ್ಯಾಬಿನೆಟ್ಟುಗಳಲ್ಲಿ ಸಲೀಸಾಗಿ ಹಿಡಿಸುತ್ತದೆ, ಆದರೆ ಹಿಡಿಸಿದ ಮಾತ್ರಕ್ಕೆ ಅಷ್ಟು ಶಾಖ ಹೊರಹೋಗುತ್ತದೆ ಎಂದೇನಿಲ್ಲ. ಮೊದಲ ಜೋಡಣೆಗೆ, ಹತ್ತು ಲೀಟರಿನ ಆಸುಪಾಸಿನಲ್ಲಿ, 250 ವ್ಯಾಟಿನೊಳಗಿನ ಕಾರ್ಡು ಸಾಕೆಂಬುದು ನನ್ನ ಸಲಹೆ. ಕಾರ್ಡಿನ ಫ್ಯಾನುಗಳು ರಂಧ್ರವಿರುವ ಫಲಕಕ್ಕೆ ಮುಖಮಾಡಿ, ಅದಕ್ಕೆ ತಾಗದಂತೆ ಕೆಲವು ಮಿಲಿಮೀಟರ್ ದೂರ ಇರಬೇಕು, ತೀರ ಅಂಟಿಕೊಂಡರೆ ಸದ್ದು ಏರುತ್ತದೆ. ಪ್ರೊಸೆಸರಿನ ವಿಷಯದಲ್ಲಿ ಅಷ್ಟು ಆತಂಕ ಬೇಡ. ರೈಜೆನ್ 5 7600 ಮಾದರಿಯ 65 ವ್ಯಾಟಿನ ಪ್ರೊಸೆಸರಿಗೆ ತಗ್ಗಿನ ಕೂಲರ್ ಸಾಕಾಗುತ್ತದೆ. ರೈಜೆನ್ 7 7800ಎಕ್ಸ್3ಡಿ 120 ವ್ಯಾಟಿನದೆಂದು ಬರೆದಿದ್ದರೂ ಆಟಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ ಬಳಸುತ್ತದೆ. ಅದರ ತಾಪಮಾನದ ಮಿತಿಯನ್ನು ತಯಾರಕರೇ 89 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿರುವುದರಿಂದ, ಚಿಕ್ಕ ಕ್ಯಾಬಿನೆಟ್ಟಿನಲ್ಲಿ 80 ಕಂಡಿತೆಂದು ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡುವ ಅಗತ್ಯವಿಲ್ಲ. ಕಾರ್ಡಿನ ವಿದ್ಯುತ್ ಮಿತಿಯನ್ನು ಸ್ವಲ್ಪ ತಗ್ಗಿಸಿದರೆ ಆಟದಲ್ಲಿ ಕಾಣುವ ನಷ್ಟ ಅಲ್ಪ, ಶಾಖ ಮತ್ತು ಸದ್ದಿನಲ್ಲಿ ಸಿಗುವ ಲಾಭ ದೊಡ್ಡದು.

ಹಾಗಾಗಿ ಕ್ಯಾಬಿನೆಟ್ಟನ್ನು ಮೊದಲು ನಿರ್ಧರಿಸಿ, ವಿವರ ಪಟ್ಟಿಯನ್ನು ಬಿಟ್ಟು ಅದರ ಕೈಪಿಡಿಯನ್ನು ಇಳಿಸಿಕೊಳ್ಳಿ. ಯಾವುದನ್ನು ಹಾಕಿದರೆ ಯಾವುದು ಕುಗ್ಗುತ್ತದೆ ಎಂಬ ಕೋಷ್ಟಕ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಕಾರ್ಡಿನ ಅಳತೆಯನ್ನು ತಯಾರಕರ ಪುಟದಿಂದಲೇ ಬರೆದುಕೊಳ್ಳಬೇಕು, ಏಕೆಂದರೆ ಒಂದೇ ಚಿಪ್ಪಿನ ಕಾರ್ಡು ಒಬ್ಬ ತಯಾರಕರಲ್ಲಿ ಎರಡು ಸ್ಲಾಟ್, ಇನ್ನೊಬ್ಬರಲ್ಲಿ ಮೂರಕ್ಕೂ ಹೆಚ್ಚು ಇರುತ್ತದೆ. ಎರಡೂ ಬದಿಗೆ ಮೂರು ಮಿಲಿಮೀಟರ್ ಬಿಟ್ಟೇ ಕೂಡಿಸಿ. ಸೊನ್ನೆ ಉಳಿದರೆ ಅದು ಹಿಡಿಸುವುದಿಲ್ಲವೆಂದೇ ತಿಳಿಯಿರಿ. ಇಷ್ಟಾದ ಮೇಲೆ ಎಲ್ಲವನ್ನೂ ಹತ್ತಿರ ಹತ್ತಿರದ ದಿನಗಳಲ್ಲೇ ಕೊಂಡರೆ, ಒಂದು ಭಾಗ ಬದಲಿಸಬೇಕಾದಾಗ ಇನ್ನೊಂದರ ಹಿಂದಿರುಗಿಸುವ ಅವಧಿ ಮುಗಿದುಹೋಗಿರುವುದಿಲ್ಲ. ಜೋಡಿಸುವಾಗ ಪ್ರೊಸೆಸರಿನ 8 ಪಿನ್ನಿನ ವಿದ್ಯುತ್ ಕೇಬಲ್ಲನ್ನೂ ಬೋರ್ಡಿನ ಹಿಂಬದಿಯ ಎಂ.2 ಸ್ಟೋರೇಜ್ ಡ್ರೈವನ್ನೂ ಬೋರ್ಡು ಕ್ಯಾಬಿನೆಟ್ಟಿನೊಳಗೆ ಹೋಗುವ ಮುನ್ನವೇ ಸಿಕ್ಕಿಸಿಬಿಡಿ; ಕೂಲರ್ ಕೂತ ಮೇಲೆ ಆ ಮೂಲೆಗೆ ಬೆರಳು ಹೋಗುವುದಿಲ್ಲ.