ವೇಗದ ತೋಟಾ ಹಾಕಿದರೆ ಗುರಿ ತಪ್ಪಲ್ವಾ?

ಪ್ರಶ್ನೆ: ಬೆಳೆ ಹಾಳು ಮಾಡುವ ಮೊಲ, ಹೆಗ್ಗಣ, ನೆಲದ ಅಳಿಲುಗಳ ಕಾಟಕ್ಕೆ ನಿಖರವಾದ ಒಂದು ರಿಮ್‌ಫೈರ್ ರೈಫಲ್ (ಬುಡದ ಅಂಚಿಗೆ ಪೆಟ್ಟು ಬಿದ್ದು ಹೊತ್ತುವ ಸಣ್ಣ ತೋಟಾದ ರೈಫಲ್) ಬೇಕು. ಯಾವುದು ತಗೊಳ್ಳಲಿ? ರೈಫಲ್ ಯಾವುದಾದರೂ ಸರಿ, ಇರುವುದರಲ್ಲೇ ಜಾಸ್ತಿ ವೇಗದ ತೋಟಾ ಹಾಕಿದರೆ ಗುಂಡು ನೆಟ್ಟಗೆ ಹೋಗುತ್ತದೆ ಅಂತಾರಲ್ಲ, ನಿಜವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ಅರ್ಧದ ಉತ್ತರ ಚಿಕ್ಕದು. ಎರಡನೇ ಅರ್ಧ ಇದೆಯಲ್ಲ, ಅದು ಸಾಯದ ಹಾವು. ಎಷ್ಟು ಬಡಿದರೂ ಬಾಲ ಆಡಿಸುತ್ತಲೇ ಇರುತ್ತದೆ.

ಚಿಕ್ಕದನ್ನು ಮೊದಲು ಮುಗಿಸೋಣ. ಲೈಸೆನ್ಸ್ ಏನು, ಯಾವ ಪ್ರಾಣಿಗೆ ಹೊಡೆಯಬಹುದು, ಯಾವುದಕ್ಕೆ ಕೂಡದು ಎಂಬ ಕಾನೂನನ್ನು ನೀವು ನೋಡಿಕೊಂಡೇ ಬಂದಿದ್ದೀರಿ ಅಂದುಕೊಳ್ಳುತ್ತೇನೆ. ನಿಮ್ಮ ಕೆಲಸ 50ರಿಂದ 70 ಮೀಟರ್ ಒಳಗೇ ಇದ್ದರೆ .22 ಲಾಂಗ್ ರೈಫಲ್ ಅನ್ನುವ ತೋಟಾದ ರೈಫಲ್ ತಗೊಳ್ಳಿ (.22 ಅಂದರೆ ಗುಂಡಿನ ಅಗಲ, ಸುಮಾರಾಗಿ ಇಂಚಿನಲ್ಲಿ). 1887ರಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ತೋಟಾ ಅದು. 100 ಮೀಟರ್ ಆಚೆಗೂ ಹೊಡೆಯಬೇಕು, ಜಾಗ ಬಯಲು ಅನ್ನುವವರು .17 ಎಚ್‌ಎಂಆರ್ ಅನ್ನುವ, ಇನ್ನೂ ಸಣ್ಣ ಗುಂಡಿನ ತೋಟಾದ್ದು ನೋಡಿ. ಸ್ವಲ್ಪ ದೊಡ್ಡ ಪ್ರಾಣಿ ಅನ್ನುವುದಾದರೆ .22 ಮ್ಯಾಗ್ನಮ್. ಬೋಲ್ಟ್ ಎಳೆದು ಹೊಡೆಯುವ ರೈಫಲ್ ಇರಲಿ. ಸಿಜಡ್ 457, ಟಿಕ್ಕಾ ಟಿ1ಎಕ್ಸ್, ಕೈ ಬಿಚ್ಚುವುದಾದರೆ ಆನ್‌ಶುಟ್ಸ್. ಇವುಗಳಲ್ಲಿ ಯಾವುದನ್ನು ತಗೊಂಡರೂ ಮೊದಮೊದಲು ಗುರಿ ತಪ್ಪಿದ್ದಕ್ಕೆ ರೈಫಲನ್ನು ಬಯ್ಯುವ ಹಾಗಿಲ್ಲ.

ಇನ್ನು ಆ ಹಾವಿನ ವಿಷಯ.

ನಾನು ಗುರಿ ಹೇಳಿಕೊಡುವ ರೇಂಜಿಗೆ ಒಬ್ಬ ಹುಡುಗ ಬರುತ್ತಿದ್ದ. ಹೊಸ ರೈಫಲ್, ಒಳ್ಳೆಯ ಸ್ಕೋಪ್, ಜೊತೆಗೆ ಒಂದು ಡಬ್ಬಿ ಅತಿ ವೇಗದ ತೋಟಾ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವೇಗ ಬರೆದಿತ್ತು, ಅದನ್ನು ನೋಡಿಯೇ ಕೊಂಡಿದ್ದ. ಮಧ್ಯಾಹ್ನದ ಮೇಲೆ, ಪಕ್ಕದಿಂದ ಗಾಳಿ ಬಂದು ಹೋಗುತ್ತಿತ್ತು. 50 ಮೀಟರಿಗೆ ಐದು ಗುಂಡು ಹೊಡೆದ. ಹಾಳೆ ತಂದು ನೋಡಿದರೆ ಐದು ತೂತು ಅಂಗೈ ಅಗಲಕ್ಕೆ ಹರಡಿದ್ದವು. "ಸರ್, ಸ್ಕೋಪ್ ಹೋಗಿರಬೇಕು" ಅಂದ. ನಾನು ಏನೂ ಹೇಳದೆ ನನ್ನ ಡಬ್ಬಿಯಿಂದ ಸಾಧಾರಣ ವೇಗದ ತೋಟಾ ಕೊಟ್ಟೆ. ಅದೇ ರೈಫಲ್, ಅದೇ ಸ್ಕೋಪ್, ಅದೇ ಗಾಳಿ. ಮೊದಲಿನ ಕೆಲವು ಲೆಕ್ಕಕ್ಕಿಲ್ಲ ಅಂತ ಬಿಟ್ಟು, ಆಮೇಲಿನ ಐದು ನೋಡಿದೆವು. ಹೆಬ್ಬೆರಳಿಟ್ಟು ಮುಚ್ಚಬಹುದಿತ್ತು. ಅವನು ಹಾಳೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಹಾಳೆ ನೋಡಿದ.

ಯಾಕೆ ಹೀಗೆ? ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸಾಧಾರಣ .22 ತೋಟಾದಲ್ಲಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ ತೂಕದ ಸೀಸದ ಗುಂಡು ಇರುತ್ತದೆ. ಅದು ನಳಿಗೆಯಿಂದ ಹೊರಡುವುದು ಸುಮಾರು 326 ಮೀಟರ್ ವೇಗದಲ್ಲಿ, ಶಬ್ದಕ್ಕಿಂತ ಒಂದು ಹೆಜ್ಜೆ ಹಿಂದೆ. ಹೈ ವೆಲಾಸಿಟಿ ಅನ್ನುವ ತೋಟಾದ ಗುಂಡು ಹೊರಡುವುದು 376ರ ಸುಮಾರಿಗೆ, ಶಬ್ದಕ್ಕಿಂತ ಸ್ವಲ್ಪ ಮುಂದೆ. ಆ 'ಸ್ವಲ್ಪ ಮುಂದೆ' ಅನ್ನುವುದೇ ತಕರಾರು. ಶಬ್ದದ ವೇಗದ ಹತ್ತಿರ ಗುಂಡಿಗೆ ಗಾಳಿಯ ಎಳೆತ ಇದ್ದಕ್ಕಿದ್ದಂತೆ ಏರುತ್ತದೆ. ಹಾಗಾಗಿ ಜಾಸ್ತಿ ವೇಗದ ಗುಂಡು ಆ ವೇಗವನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ. 50 ಮೀಟರ್ ಮುಟ್ಟುವ ಮುಂಚೆಯೇ ಶಬ್ದದ ವೇಗಕ್ಕಿಂತ ಕೆಳಗೆ ಇಳಿದಿರುತ್ತದೆ. ನಿಮ್ಮ ಮೊಲ ಕೂತಿರುವುದು ಅಲ್ಲೇ ಅಲ್ವಾ?

ಈಗ ಪಕ್ಕದ ಗಾಳಿ. ಎಲ್ಲರೂ ಅಂದುಕೊಂಡಿರುವುದು ಹೀಗೆ: ಗುಂಡು ಬೇಗ ತಲುಪಿದರೆ ಗಾಳಿಗೆ ಅದನ್ನು ತಳ್ಳಲು ಸಮಯ ಕಡಿಮೆ, ಆದ್ದರಿಂದ ಕಡಿಮೆ ಸರಿಯುತ್ತದೆ. ಕೇಳುವುದಕ್ಕೆ ಸರಿ ಅನಿಸುತ್ತದೆ. ಆದರೆ ಗಾಳಿ ಗುಂಡನ್ನು ಪಕ್ಕದಲ್ಲಿ ನಿಂತು ಕೈಯಿಂದ ನೂಕುವುದಿಲ್ಲ. ಗುಂಡಿನ ಮೂತಿ ಗಾಳಿ ಬರುವ ಕಡೆಗೆ ಕೂದಲೆಳೆಯಷ್ಟು ತಿರುಗುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ಎಳೆಯುವ ಅದೇ ಎಳೆತ, ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. ಅಂದರೆ ಎಳೆತ ಜಾಸ್ತಿ ಆದಷ್ಟೂ ಪಕ್ಕಕ್ಕೆ ಸರಿಯುವುದೂ ಜಾಸ್ತಿ. ಲೆಕ್ಕಕ್ಕೆ ಬರುವುದು ಗುಂಡು ಹಾದಿಯಲ್ಲಿ ಇದ್ದ ಹೊತ್ತಲ್ಲ, ತಡವಾದ ಹೊತ್ತು. ಎಳೆಯುವ ಗಾಳಿಯೇ ಇಲ್ಲದ ನಿರ್ವಾತದಲ್ಲಿ ಎಷ್ಟು ಹೊತ್ತಿಗೆ ತಲುಪುತ್ತಿತ್ತೋ, ಅದಕ್ಕಿಂತ ಎಷ್ಟು ತಡವಾಯಿತು ಅನ್ನುವುದು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ದೂರ 100 ಗಜ, ಅಂದರೆ 91 ಮೀಟರ್. ಪಕ್ಕದ ಗಾಳಿ ಗಂಟೆಗೆ 16 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್. ಸಾಧಾರಣ ವೇಗದ ಗುಂಡು ಹೆಚ್ಚುಕಡಿಮೆ 0.023 ಸೆಕೆಂಡ್ ತಡವಾಗುತ್ತದೆ. ಗುಣಿಸಿದರೆ ಹತ್ತು ಸೆಂಟಿಮೀಟರ್ ಸರಿಯುತ್ತದೆ. ಜಾಸ್ತಿ ವೇಗದ್ದು ತಡವಾಗುವುದು 0.030 ಸೆಕೆಂಡಿನಷ್ಟು. ಅದು ಸರಿಯುವುದು ಹದಿಮೂರು ಸೆಂಟಿಮೀಟರ್. ಬೇಗ ಹೊರಟದ್ದು, ಬೇಗ ತಲುಪಿದ್ದು, ಆದರೂ ಜಾಸ್ತಿ ಸರಿದದ್ದು! ಈ ಲೆಕ್ಕ ಮೊದಲ ಸಲ ಮಾಡಿದಾಗ ನಾನೇ ಎರಡು ಸಲ ತಿರುಗಿ ಮಾಡಿದ್ದೆ.

"ಆದರೆ ವೇಗದ್ದು ಕೆಳಗೆ ಬೀಳುವುದು ಕಡಿಮೆ ಅಲ್ವಾ?" ಅನ್ನುತ್ತೀರಿ. ಹೌದು, ಕಡಿಮೆ. 50 ಮೀಟರಿಗೆ ಹೊಂದಿಸಿದ ರೈಫಲ್ಲಿನಲ್ಲಿ 100 ಮೀಟರ್ ಹೊತ್ತಿಗೆ ಕೆಲವು ಸೆಂಟಿಮೀಟರ್ ಲಾಭ ಇದೆ. ಆದರೆ ಬೀಳುವುದು ನಿಮಗೆ ಗೊತ್ತಿರುವ ಸಂಗತಿ. ಇವತ್ತು ಎಷ್ಟು ಬೀಳುತ್ತದೋ ನಾಳೆಯೂ ಅಷ್ಟೇ. ಒಂದು ಚೀಟಿಯಲ್ಲಿ ಬರೆದು ರೈಫಲ್ಲಿನ ಸ್ಟಾಕಿಗೆ, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಡಿಗೆ, ಅಂಟಿಸಿಕೊಳ್ಳಬಹುದು. ಗಾಳಿಯನ್ನು ಯಾರು ಬರೆದಿಡುತ್ತಾರೆ? ಗೊತ್ತಿರುವ ತೊಂದರೆ ಸ್ವಲ್ಪ ಕಡಿಮೆ ಆಗಲಿ ಅಂತ ಗೊತ್ತಿಲ್ಲದ ತೊಂದರೆಯನ್ನು ಜಾಸ್ತಿ ಮಾಡಿಕೊಳ್ಳುವುದು ಯಾವ ಜಾಣತನ?

ಇನ್ನೊಂದು ಸಾಕ್ಷಿ ಬೇಕಾದರೆ ಒಲಿಂಪಿಕ್ಸ್ ನೋಡಿ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಗುಂಡಿನ ಅಗಲವೇ ಸುಮಾರು 5.6. ಇಷ್ಟು ಸಣ್ಣದಕ್ಕೆ ಜೀವನವಿಡೀ ಗುರಿ ಹಿಡಿಯುವವರು, ಒಂದು ಅಂಕಕ್ಕಾಗಿ ಏನು ಬೇಕಾದರೂ ಖರ್ಚು ಮಾಡುವವರು, ಹಾಕುವುದು ಶಬ್ದಕ್ಕಿಂತ ನಿಧಾನದ ತೋಟಾ. ವೇಗದಿಂದ ನಿಖರತೆ ಬರುವ ಹಾಗಿದ್ದರೆ ಅವರಿಗೆ ಅದು ಇಷ್ಟು ಹೊತ್ತಿಗೆ ಗೊತ್ತಾಗುತ್ತಿರಲಿಲ್ಲವೇ?

ನಿಧಾನದ ಗುಂಡಿಗೆ ಮೊಲ ಸಾಯುತ್ತದೋ ಇಲ್ಲವೋ ಅನ್ನುವ ಚಿಂತೆ ಬಿಡಿ. ತಲೆಗೆ ಬಿದ್ದರೆ ಸಾಯುತ್ತದೆ. ಹೊಟ್ಟೆಗೆ ಬಿದ್ದರೆ ವೇಗದ್ದಾದರೂ ನರಳಿಕೊಂಡು ಬಿಲ ಸೇರುತ್ತದೆ. ಬೇಟೆಗೆ ಅಂತಲೇ ಮೂತಿಯಲ್ಲಿ ಕುಳಿ ಇರುವ ನಿಧಾನದ ತೋಟಾಗಳು ಸಿಗುತ್ತವೆ. ಅವನ್ನೇ ಹಾಕಿ. ತಲೆಗೆ ಹೊಡೆಯುವ ಭರವಸೆ ಇಲ್ಲದ ದೂರಕ್ಕೆ ಹೊಡೆಯಲೇಬೇಡಿ.

ಇಲ್ಲಿಗೆ ಯಾರಾದರೂ ಬುದ್ಧಿವಂತರು ಕೈ ಎತ್ತುತ್ತಾರೆ. ಹಾಗಾದರೆ .17 ಎಚ್‌ಎಂಆರ್ ಕಥೆ ಏನು, ಅದು ಇನ್ನೂ ವೇಗ ಅಲ್ವಾ? ಒಳ್ಳೆಯ ಪ್ರಶ್ನೆ. 2002ರಲ್ಲಿ ಬಂದ ಈ ತೋಟಾದ 17 ಗ್ರೇನ್ ಗುಂಡು ಹೊರಡುವುದು ಸೆಕೆಂಡಿಗೆ ಸುಮಾರು 777 ಮೀಟರಿನಲ್ಲಿ. ಶಬ್ದದ ಎರಡು ಪಟ್ಟಿಗಿಂತ ಜಾಸ್ತಿ. 100 ಗಜ ದಾಟುವಾಗಲೂ ಶಬ್ದದ ವೇಗದ ಆ ಕೆಟ್ಟ ಜಾಗದಿಂದ ಬಹಳ ದೂರ ಇರುತ್ತದೆ. ಜೊತೆಗೆ ತಾಮ್ರದ ಹೊದಿಕೆ, ಚೂಪು ಮೂತಿ. ಮೇಲೆ ಹೇಳಿದ ಅದೇ ಗಾಳಿಗೆ ಅದು ಸರಿಯುವುದು ಎಂಟು ಸೆಂಟಿಮೀಟರ್ ಚಿಲ್ಲರೆ. ನಾನು ವೇಗವೇ ಕೆಟ್ಟದ್ದು ಅಂತ ಎಲ್ಲೂ ಹೇಳಿಲ್ಲ. ಹೊಸಿಲ ಮೇಲೆ ಕೂರಬೇಡಿ ಅಂದೆ, ಅಷ್ಟೇ. ಒಳಗಾದರೂ ಇರಿ, ಹೊರಗಾದರೂ ಇರಿ.

ವೇಗ ಎಷ್ಟು ಅನ್ನುವುದಕ್ಕಿಂತ ಒಂದು ಗುಂಡಿಗೂ ಇನ್ನೊಂದಕ್ಕೂ ವೇಗ ಎಷ್ಟು ಹತ್ತಿರ ಇದೆ ಅನ್ನುವುದು ಮುಖ್ಯ. ಒಂದು 326ರಲ್ಲಿ ಹೋಗಿ ಮುಂದಿನದು 311ರಲ್ಲಿ ಹೋದರೆ, 50 ಮೀಟರಿನಲ್ಲೇ ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತುವ ಮಸಾಲೆ ಬುಡದ ಅಂಚಿನ ಒಳಗೆ ಸುತ್ತಲೂ ತುಂಬಿರುತ್ತದೆ. ಅದು ಒಂದು ಕಡೆ ಸ್ವಲ್ಪ ಜಾಸ್ತಿ, ಒಂದು ಕಡೆ ಕಡಿಮೆ ಬಿದ್ದಿದ್ದರೂ ವೇಗ ಬದಲಾಗುತ್ತದೆ. ಹೊಡೆದ ತೋಟಾವನ್ನು ಮನೆಯಲ್ಲಿ ಮತ್ತೆ ತುಂಬಿಸಿ ಸರಿ ಮಾಡಿಕೊಳ್ಳುವ ಹಾಗೂ ಇಲ್ಲ. ನಿಮ್ಮ ಕೈಯಲ್ಲಿರುವುದು ಒಂದೇ: ನಾಲ್ಕೈದು ಬಗೆಯ ತೋಟಾ ಒಂದೊಂದು ಡಬ್ಬಿ ತಂದು, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಹೊಡೆದು ನೋಡುವುದು. ಒಂದೇ ಕಾರ್ಖಾನೆಯ ಅಕ್ಕಪಕ್ಕದ ಎರಡು ರೈಫಲ್ಲಿಗೆ ಬೇರೆ ಬೇರೆ ತೋಟಾ ಒಗ್ಗುವುದುಂಟು. ಒಗ್ಗಿದ್ದು ಸಿಕ್ಕಿದರೆ ಡಬ್ಬಿಯ ಮೇಲಿನ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ತೋಟಾಗಳ ಗುರುತಿನ ಸಂಖ್ಯೆ) ನೋಡಿ ಅದೇ ಲಾಟಿನದು ಜಾಸ್ತಿ ತಂದಿಟ್ಟುಕೊಳ್ಳಿ. ಮೂರು ಗುಂಡು ಹೊಡೆದು ತೀರ್ಮಾನ ಮಾಡಬೇಡಿ. ಮೂರು ಗುಂಡು ಅದೃಷ್ಟಕ್ಕೂ ಹತ್ತಿರ ಬೀಳುತ್ತವೆ. ಐದೈದು ಗುಂಡಿನ ಐದು ಗ್ರೂಪ್ ಹೊಡೆಯಿರಿ.

ರೈಫಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಳಿಗೆ ಉದ್ದ ಇದ್ದರೆ ನಿಖರ ಅನ್ನುವುದೂ ಸುಳ್ಳೇ. .22ರಲ್ಲಿ ಇರುವ ಚಿಟಿಕೆ ಮದ್ದು 40-45 ಸೆಂಟಿಮೀಟರ್ ನಳಿಗೆಯೊಳಗೇ ತನ್ನ ಕೆಲಸ ಮುಗಿಸುತ್ತದೆ. ನಳಿಗೆಯ ತುದಿಯ ಅಂಚಿಗೆ ಗೀರು, ಪೆಟ್ಟು ಇರಬಾರದು. ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು, ಮರಳಿನಲ್ಲಿ ಎಳೆದ ಹಾಗಲ್ಲ. ಇವೆರಡೂ ಸರಿ ಇದ್ದ ಹಳೇ ರೈಫಲ್, ಇವೆರಡೂ ಕೆಟ್ಟ ಹೊಸ ರೈಫಲ್ಲಿಗಿಂತ ಎಷ್ಟೋ ವಾಸಿ. ಸ್ಕೋಪ್ ತಗೊಳ್ಳುವಾಗ ರಿಮ್‌ಫೈರಿಗೆ ಅಂತಲೇ ಮಾಡಿದ್ದು ಕೇಳಿ. ದೊಡ್ಡ ರೈಫಲ್ಲಿನ ಸ್ಕೋಪನ್ನು ದೂರಕ್ಕೆ ಹೊಂದಿಸಿರುತ್ತಾರೆ. ಹತ್ತಿರದ ಗುರಿಗೆ ನಿಮ್ಮ ಕಣ್ಣು ಒಂದಿಷ್ಟು ಆಚೀಚೆ ಆದರೆ ಅದರೊಳಗಿನ ಗೆರೆಯೂ ಆಚೀಚೆ ಆಗುತ್ತದೆ. ಹಾಗೆಯೇ, .22 ಲಾಂಗ್ ರೈಫಲ್ ತೋಟಾವನ್ನು ಮ್ಯಾಗ್ನಮ್ ರೈಫಲ್ಲಿಗೆ ಹಾಕುವ ಸಾಹಸ ಬೇಡ. ಲಾಂಗ್ ರೈಫಲ್ ತೋಟಾದ ಕೊಳವೆ ಸಣ್ಣದು, ಸಡಿಲವಾಗಿ ಕೂತು ಸೀಳಿಬಿಡುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇದೆಯೇ ನೋಡಿ. ಸಣ್ಣ ಗುಂಡು ಅಂತ ಸಸಾರ ಮಾಡಬೇಡಿ, ಅದು ಎರಡು ಕಿಲೋಮೀಟರ್ ಹೋಗಬಲ್ಲದು. ಕಲ್ಲಿಗೆ, ನೀರಿಗೆ ತಾಗಿದರೆ ಪುಟಿದು ಎಲ್ಲಿಗೋ ಹಾರುತ್ತದೆ.

ಯಾರೂ ಕೇಳಿಲ್ಲ, ಆದರೂ ನಳಿಗೆ ಉಜ್ಜುವ ವಿಷಯ ಹೇಳಿಬಿಡುತ್ತೇನೆ. .22ರ ಸೀಸದ ಗುಂಡಿನ ಮೇಲೆ ಮೇಣವೋ ಜಿಡ್ಡೋ ಸವರಿರುತ್ತಾರೆ. ಹೊಡೆಯುತ್ತಾ ಹೋದಂತೆ ಅದು ನಳಿಗೆಯೊಳಗೆ ತೆಳ್ಳಗೆ ಹತ್ತಿಕೊಳ್ಳುತ್ತದೆ. ಹತ್ತಿಕೊಂಡ ಮೇಲೆಯೇ ಗುಂಡುಗಳು ಒಂದೇ ಕಡೆ ಬೀಳಲು ಶುರು. ತೋಟಾ ಬದಲಾಯಿಸಿದರೆ ಹಳೇ ಜಿಡ್ಡು ಹೋಗಿ ಹೊಸದು ಕೂರಬೇಕು. ಆ ಹುಡುಗನಿಗೆ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ ಅಂದದ್ದು ಇದಕ್ಕೇ. ಪ್ರತಿ ಸಲ ಬ್ರಷ್ ಹಾಕಿ ತಿಕ್ಕುವ ಅಗತ್ಯ ಇಲ್ಲ. ತೋಟಾ ಕೂರುವ ಗೂಡಿನ ಎದುರಿಗೆ ಗಟ್ಟಿ ಮಸಿ ಉಂಗುರದ ಹಾಗೆ ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ತೆಗೆಯಿರಿ. ಮಿಕ್ಕ ನಳಿಗೆಗೆ, ಗುಂಡು ಚದುರಲು ಶುರುವಾದಾಗ ನಳಿಗೆ ತೊಳೆಯುವ ದ್ರಾವಣದಲ್ಲಿ (ನೀರಿನಲ್ಲಲ್ಲ) ಒದ್ದೆ ಮಾಡಿದ ಬಟ್ಟೆಯ ಒಂದೆರಡು ತುಂಡು, ಆಮೇಲೆ ಒಣ ತುಂಡು, ಸಾಕು.

ಆ ಹುಡುಗ ಮುಂದಿನ ವಾರ ಮತ್ತೆ ಬಂದ. ಈ ಸಲ ನಿಧಾನದ ತೋಟಾ ತಂದಿದ್ದ. ಮೊದಲ ಎಂಟು ಗುಂಡು ಹಾಳೆಯ ತುಂಬ ಚೆಲ್ಲಾಪಿಲ್ಲಿ. "ಸರ್, ನೀವು ಹೇಳಿದ್ದೇ ಹಾಕಿದೆ, ರೈಫಲ್ಲೇ ಕೆಟ್ಟಿದೆ" ಅಂದ. ನಳಿಗೆಯೊಳಗೆ ಬಗ್ಗಿ ನೋಡಿದೆ. ಕನ್ನಡಿ. ಹಿಂದಿನ ರಾತ್ರಿ ಎರಡು ಗಂಟೆ ಕೂತು ತಿಕ್ಕಿದ್ದನಂತೆ. ಮಾತಾಡದೆ ಹೊಡೀತಾ ಇರು ಅಂದೆ. ಹನ್ನೆರಡನೆಯದರಿಂದ ತೂತುಗಳು ಹತ್ತಿರ ಬಂದವು, ಹದಿನೈದನೆಯದು ಹದಿನಾಲ್ಕನೆಯದರ ತೂತಿನಲ್ಲೇ ಹೋಯಿತು. ಅವನು ತೂತು ಒಂದು ಕಡಿಮೆ ಇದೆ ಅಂತ ಹಾಳೆಯ ಹಿಂದೆ ಮುಂದೆ ತಿರುಗಿಸಿ ಹುಡುಕುತ್ತಿದ್ದ.